ಎಲ್ಲರೂ ಹೂಂ ಅಂದರೆ ಮಾತ್ರ ಬೆಂಕಿ

ಡಚ್ಚರ ನಾಡಿನ ಎನ್ಸ್‌ಕೆಡೆಗೆ ಸಂಶೋಧನೆಗೆಂದು ಬಂದ ಮೊದಲ ಚಳಿಗಾಲ. ಎಳ್ಳಮಾವಾಸ್ಯೆಯ ದಿನ ಎಳ್ಳು ಹಚ್ಚಿದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹೋಳಿಗೆಗಳನ್ನು ಡಬ್ಬಿಗೆ ಹಾಕಿಕೊಂಡು ಸೈಕಲ್ ಹತ್ತಿದೆ. ನಮ್ಮ ವಿಜಯಪುರದ ಕಡೆ ಆ ದಿನ ಹೊಲಕ್ಕೆ ಹೋಗಿ, ಐದು ಕಲ್ಲಿಟ್ಟು ಪೂಜಿಸಿ, ಮಾಡಿದ ಅಡುಗೆಯನ್ನು ಭೂಮಿತಾಯಿ ಉಣ್ಣಲಿ ಅಂತ ಸುತ್ತಲೂ ಎರಚುತ್ತಾರೆ. ಚರಗ ಚೆಲ್ಲುವುದು ಅಂತಾರೆ. ಇಲ್ಲಿ ನನಗೆ ಹೊಲವೆಲ್ಲಿಯದು? ಊರಾಚೆಯ ಕಾಡಿನ ಅಂಚೇ ಗತಿ ಎಂದುಕೊಂಡು ಹೋದೆ.

ಕಸ ಎಸೆದಳೆಂದು ಯಾರಾದರೂ ದಂಡ ಹಾಕಿಯಾರೆಂಬ ಭಯದಲ್ಲೇ ಕಳ್ಳಿಯ ಹಾಗೆ ಚೆಲ್ಲುತ್ತಿದ್ದೆ. ನಾಯಿ ಹಿಡಿದು ಬಂದ ಒಬ್ಬ ಮುದುಕಿ ನಿಂತು ನೋಡಿದರು.

"ಇದು ಯಾರಿಗೆ?" ಎಂದು ಕೇಳಿದರು.

"ನೆಲಕ್ಕೆ" ಎಂದೆ.

ಅವರು ಕೈಗವಸು ಬಿಚ್ಚಿ ಅಂಗೈ ಚಾಚಿದರು. "ನಂಗೂ ಸ್ವಲ್ಪ ಕೊಡು. ನಾನೂ ಹಾಕ್ತೀನಿ."

ನನಗೆ ಆ ದೇಶದಲ್ಲಿ ಒಬ್ಬ ಅಜ್ಜಿ ಸಿಕ್ಕಿದ್ದು ಹೀಗೆ. ನರ್ಸ್ ಆಗಿ ನಿವೃತ್ತರಾದವರು. ಮೊದಲ ದಿನದಿಂದಲೇ ನಾನು ಅವರನ್ನು ನಮ್ಮ ಮಾತಿನಲ್ಲೇ ಅಜ್ಜಿ ಎಂದೆ; ಅವರು ಅದನ್ನು ತಮ್ಮ ಹೆಸರೆಂದೇ ಒಪ್ಪಿಕೊಂಡರು.

ಅಜ್ಜಿ ಪೇಗನ್. ಚರ್ಚು ಬರುವ ಮೊದಲು ಇಲ್ಲಿದ್ದ ದೇವರುಗಳನ್ನು, ಮರ, ನೀರು, ಸೂರ್ಯನನ್ನು ಪೂಜಿಸುವವರು. ಒಬ್ಬ ರೈತನ ಒಪ್ಪಿಗೆ ಪಡೆದು ಅವನ ತೋಪಿನ ಓಕ್ ಮರದ ಕೆಳಗೆ ಋತು ತಿರುಗುವ ದಿನಗಳಲ್ಲಿ ಊರಿನ ಅಂಚೆಯವನು, ಅವನ ಹೆಂಡತಿ, ಹೀಗೆ ಒಂದು ಹಿಡಿ ಜನ ಸೇರುತ್ತಿದ್ದರು. ನನ್ನನ್ನೂ ಕರೆದರು. ಲ್ಯಾಬಿನಲ್ಲಿದ್ದ ಬೆಂಗಳೂರಿನ ಗೆಳತಿ ನಕ್ಕಿದ್ದೇ ನಕ್ಕಿದ್ದು. "ಏನೇ, ಇಂಡಿಯಾದಲ್ಲಿ ದೇವ್ರು ಕಮ್ಮಿ ಆದ್ರಾ ನಿಂಗೆ? ಡಚ್ ದೇವ್ರನ್ನ ಬೇರೆ ಅಡ್ಜಸ್ಟ್ ಮಾಡ್ಕೊಂಡ್ಯಾ?" ಅವ್ವ ಮಾತ್ರ ಫೋನಿನಲ್ಲಿ, "ಮರಕ್ಕ ಕೈ ಮುಗಿಯೂ ಮಂದಿ ಒಳ್ಳೇ ಮಂದೀನ ಇರ್ತಾರ. ಹೋಗವಾ" ಎಂದಳು.

ಒಳ್ಳೆಯ ಮಂದಿಯೇ. ಅವರಿಗೆ ಗ್ರಂಥವಿಲ್ಲ, ಗುರುವಿಲ್ಲ. ಇದ್ದದ್ದು ಎರಡು ಕಟ್ಟಳೆ. ವೃತ್ತವಾಗಿ ನಿಂತು ರೊಟ್ಟಿ ಹಂಚುವಾಗ ಯಾರೂ ತನಗೆಂದು ಮುರಿದುಕೊಳ್ಳಬಾರದು. ಎಡಗಡೆಯವರಿಗೆ ಮುರಿದು ಕೊಡಬೇಕು, ತನ್ನ ಪಾಲು ಬಲಗಡೆಯಿಂದ ಬರುತ್ತದೆ. ಇನ್ನೊಂದು, ಬೆಂಕಿ ಹಚ್ಚುವ ಮೊದಲು ಕಡ್ಡಿಪೆಟ್ಟಿಗೆ ಹಿಡಿದವರು ಒಬ್ಬೊಬ್ಬರನ್ನೂ "ಹಚ್ಚೋಣವಾ?" ಎಂದು ಕೇಳಬೇಕು. ಎಲ್ಲರೂ "ಯಾ" ಎಂದರೆ, ಅಂದರೆ ಹೂಂ ಎಂದರೆ, ಮಾತ್ರ ಬೆಂಕಿ. ಒಬ್ಬರು "ನೇ" ಎಂದರೂ ಇಲ್ಲ. ಬೆಂಕಿಗಷ್ಟೇ ಅಲ್ಲ, ಎಲ್ಲ ತೀರ್ಮಾನಕ್ಕೂ ಇದೇ. ಅಜ್ಜಿಯ ಯೌವನದಲ್ಲಿ ಯಜಮಾನಿಕೆ ಮಾಡಹೋದವನೊಬ್ಬನಿಂದ ಇವರ ಹಳೆಯ ಬಳಗ ಒಡೆದುಹೋಗಿತ್ತಂತೆ. ಇನ್ನೆಂದೂ ಹಾಗಾಗಬಾರದೆಂದು ಈ ಕಟ್ಟಳೆ ಮಾಡಿದವರು ಅಜ್ಜಿಯೇ. ಚಹಾ ಕುಡಿಯೋಣವೋ ಕಾಫಿಯೋ ಎಂಬುದಕ್ಕೂ ಈ ಮಂದಿ ಗಂಟೆಗಟ್ಟಲೆ ಚರ್ಚಿಸುವುದನ್ನು ಕಂಡು ನಾನು ಎಷ್ಟೋ ಸಲ ಒಳಗೊಳಗೇ ನಕ್ಕಿದ್ದೇನೆ.

ಅಷ್ಟರಲ್ಲಿ ದೇಶದ ಗಾಳಿ ತಿರುಗುತ್ತಿತ್ತು. ರಸ್ತೆ ಬದಿಯಲ್ಲಿ ಸರ್ಕಾರದ ಮೇಲಿನ ಸಿಟ್ಟಿಗೆ ತಲೆಕೆಳಗಾಗಿ ಕಟ್ಟಿದ ಬಾವುಟಗಳು, ಟಿವಿ ಹಾಕಿದರೆ ವಲಸಿಗರದ್ದೇ ಮಾತು. ಒಮ್ಮೆ ಬಸ್ಸಿನಲ್ಲಿ ಅವ್ವನೊಡನೆ ಮಾತಾಡುತ್ತಿದ್ದಾಗ, ಡಚ್ಚಿನಲ್ಲಿ ಮಾತಾಡು ಎಂದು ಒಬ್ಬ ಗದರಿದ. ಅಂಥ ದಿನಗಳಲ್ಲಿ ಓಕ್ ಮರದ ಕೆಳಗೆ ಹೋಗಿ ನಿಂತರೆ, ಬಲಗಡೆಯಿಂದ ಒಂದು ಕೈ ನನಗೆಂದು ರೊಟ್ಟಿ ಮುರಿದು ಕೊಟ್ಟರೆ, ಇಲ್ಲಿ ನನಗೊಂದು ಜಾಗವಿದೆ ಅನ್ನಿಸುತ್ತಿತ್ತು. ನನಗೆ ಬೇಕಿದ್ದದ್ದು ಅಷ್ಟೇ.

ಒಂದು ವಸಂತದಲ್ಲಿ ಹೊಸಬನೊಬ್ಬ ಸೇರಿದ. ಕೊರಳಲ್ಲಿ ಸಿಡಿಲಿನ ದೇವರ ಪುಟ್ಟ ಸುತ್ತಿಗೆ. ಕೆಲಸದಲ್ಲಿ ಎತ್ತು. ಸೌದೆ ಸೀಳುತ್ತಿದ್ದ, ಅಜ್ಜಿಯ ಮಡಿಸುವ ಕುರ್ಚಿ ಹೊತ್ತು ತರುತ್ತಿದ್ದ. ಎಲ್ಲರಿಗೂ ಹಿಡಿಸಿದ, ನನಗೂ.

ಬೇಸಿಗೆಯ ಅತಿ ದೀರ್ಘ ಹಗಲಿನಂದು ಅವನ ಎಡಗಡೆ ನಿಂತವಳು ನಾನು. ರೊಟ್ಟಿ ಅವನ ಕೈಗೆ ಬಂತು. ಮುರಿದ. ನನ್ನೆದುರಿನಿಂದ ಕೈ ದಾಟಿಸಿ ನನ್ನಾಚೆಯ ಅಂಚೆಯವನಿಗೆ ಕೊಟ್ಟ. ಮರೆತನೇನೋ ಎಂದುಕೊಂಡು ಪೆದ್ದಿಯ ಹಾಗೆ ನಾನು ಅಂಗೈ ಚಾಚಿಯೇ ನಿಂತಿದ್ದೆ.

"ತಪ್ಪು ತಿಳ್ಕೋಬೇಡ" ಎಂದ ಮೆಲ್ಲಗೆ. "ಈ ನೆಲದ ದೇವರು ಈ ನೆಲದ ರಕ್ತಾನೇ ಗುರುತಿಸೋದು. ನೀನು ಅತಿಥಿ. ಅತಿಥಿ ಹೊರಗೆ ನಿಂತು ನೋಡಬೇಕು."

ಈ ನೆಲದ ತೇವವನ್ನು ದಿನಾ ಅಳೆಯುವುದೇ ನನ್ನ ಸಂಶೋಧನೆ. ಇವರ ಮಣ್ಣು ಎಲ್ಲಿ ಒಣಗಿದೆ, ಎಲ್ಲಿ ನೀರು ಹಿಡಿದಿದೆ ಎಂದು ನನ್ನನ್ನು ಕೇಳಿದರೆ ಹೇಳುತ್ತೇನೆ. ಆದರೆ ಆ ಕ್ಷಣ ಚಾಚಿದ್ದ ಕೈಯನ್ನು ಹಿಂದಕ್ಕೆ ಎಳೆದುಕೊಂಡೆ.

ಅವನನ್ನು ಬಳಗದಿಂದ ಹೊರಹಾಕಬೇಕೆಂದು ಅಜ್ಜಿಯ ಅಡುಗೆಮನೆಯಲ್ಲಿ ಸಭೆ ಸೇರಿತು. ಕಾಫಿ, ತಲೆಗೊಂದು ಬಿಸ್ಕತ್ತು, ಆಮೇಲೆ ಎಂದಿನಂತೆ ಡಬ್ಬಿಯ ಮುಚ್ಚಳ ಬಂದ್. ಅಜ್ಜಿ ಒಬ್ಬೊಬ್ಬರನ್ನೇ ಕೇಳಿದರು. ಅವನೂ ವೃತ್ತದವನೇ ತಾನೇ, ಅವನನ್ನೂ ಕೇಳಿದರು. ಅವನು ಬಿಸ್ಕತ್ತು ಅದ್ದಿಕೊಳ್ಳುತ್ತಾ, ವಿನಯದಿಂದಲೇ "ನೇ" ಎಂದ. ತೀರ್ಮಾನ ಅಲ್ಲಿಗೇ ನಿಂತಿತು. ಕಳ್ಳನನ್ನು ಹೊರಹಾಕಲು ಕಳ್ಳನ ಒಪ್ಪಿಗೆ ಕೇಳುವ ಮಂದಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

"ಇದೊಂದು ಸಲ ಕಟ್ಟಳೆ ಮುರೀರಿ ಅಜ್ಜಿ" ಎಂದೆ.

"ಇವತ್ತು ನಿನಗೋಸ್ಕರ ಮುರಿದರೆ, ನಾಳೆ ಅವರು ನಿನ್ನನ್ನ ಓಡಿಸೋಕೆ ಮುರೀತಾರೆ ಮಗಳೇ."

ಆಗ ಅಂಚೆಯವನ ಹೆಂಡತಿ ನನ್ನ ಮುಖ ನೋಡದೆ ಹೇಳಿದಳು: "ಸದ್ಯಕ್ಕೆ ಇವಳೇ ಸ್ವಲ್ಪ ದಿನ ಹೊರಗೆ ನಿಂತ್ರೆ ಆಗಲ್ವಾ? ಗಲಾಟೆ ತಣ್ಣಗಾಗೋವರೆಗೆ?" ನನ್ನ ಶೇಂಗಾ ಹೋಳಿಗೆ ತಿಂದು, ಮಾಡುವುದು ಹೇಗೆಂದು ಕೇಳಿ ಬರೆದುಕೊಂಡು ಹೋದವಳು ಅವಳು. ಸುತ್ತಿಗೆಯವನ ಮಾತಿಗೆ ನನಗೆ ಸಿಟ್ಟು ಬಂದಿತ್ತು. ಇವಳ ಮಾತಿಗೆ ಎದೆಯೇ ಒಡೆಯಿತು. ಅದಕ್ಕೆ ಅಜ್ಜಿಯೂ ನಾನೂ "ನೇ" ಎಂದೆವು, ಅದೂ ನಿಂತಿತು. ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಇದೇ. ಕಟ್ಟಳೆಯ ವಿಷಯದಲ್ಲಿ ಅಜ್ಜಿ ತಪ್ಪಿದರು ಎಂದು ನಾನು ಇವತ್ತಿಗೂ ಹೇಳುತ್ತೇನೆ. ಅವರೆದುರಿಗೂ ಹೇಳಿದ್ದೇನೆ.

ಶರದೃತುವಿನ ಕೂಟಕ್ಕೆ ನಾನು ಹೋಗುವವಳಲ್ಲ. ಅಜ್ಜಿಯೇ ಕಾರಿನಲ್ಲಿ ಬಂದು, ಕೋಟು ಹಾಕಿಸಿ, ಕರೆದೊಯ್ದರು. ಅವತ್ತು ಕಡ್ಡಿಪೆಟ್ಟಿಗೆ ಅಂಚೆಯವನ ಕೈಯಲ್ಲಿತ್ತು. "ಹಚ್ಚೋಣವಾ?" ಎಂದು ಕೇಳುತ್ತಾ ಬಂದ. ಯಾ, ಯಾ, ಯಾ. ಸುತ್ತಿಗೆಯವನೂ "ಯಾ" ಎಂದ. ನನ್ನ ಮುಂದೆ ಬಂದಾಗ ಅಂಚೆಯವನು ತನ್ನ ಬೂಟು ನೋಡಿಕೊಂಡ. ಕೇಳದೆ, ನನ್ನನ್ನು ದಾಟಿ ಅಜ್ಜಿಯ ಹತ್ತಿರ ಹೋದ.

"ಹಚ್ಚೋಣವಾ?"

"ನೇ" ಎಂದರು ಅಜ್ಜಿ.

ಸರಿಯಾಗಿ ಕೇಳಿಸಲಿಲ್ಲವೇನೋ ಎಂದು ಅವನು ಮತ್ತೆ ಕೇಳಿದ. ಅಜ್ಜಿ ಮತ್ತೆ "ನೇ" ಎಂದರು. ತಾವೇ ಹುಟ್ಟುಹಾಕಿದ ಬಳಗದ ಬೆಂಕಿಯನ್ನು ತಮ್ಮದೇ ಕಟ್ಟಳೆಯಿಂದ ತಡೆದರು, ಅದೂ ನನ್ನಂಥ ನಿನ್ನೆ ಮೊನ್ನೆ ಬಂದವಳಿಗಾಗಿ. ಜಿನುಗು ಮಳೆಯಲ್ಲಿ ಸೌದೆ ನೆನೆಯುತ್ತಿತ್ತು. ಯಾರೂ ಜಗಳವಾಡಲಿಲ್ಲ. ಒಬ್ಬೊಬ್ಬರೇ ಸೈಕಲ್ ತೆಗೆದುಕೊಂಡು ಹೊರಟರು. ಆಮೇಲೆ ತಿಳಿಯಿತು, ಅವರೆಲ್ಲ ಬೇರೊಂದು ಕಾಡಿನಲ್ಲಿ ಸೇರುತ್ತಿದ್ದಾರೆ. ಅಲ್ಲಿಗೆ ಸುತ್ತಿಗೆಯವನೇ ಯಜಮಾನ. ಅವನೊಬ್ಬ ಹೂಂ ಅಂದರೆ ಸಾಕು.

ಚಳಿಗಾಲದ ಅತಿ ಚಿಕ್ಕ ಹಗಲು ಬಂತು. ಆ ವರ್ಷ ಎಳ್ಳಮಾವಾಸ್ಯೆಯೂ ಅದರ ಹತ್ತಿರದಲ್ಲೇ ಇತ್ತು. ನಾನು ಡಬ್ಬಿ ಹಿಡಿದು ಅಜ್ಜಿಯ ಜೊತೆ ಓಕ್ ಮರದ ಕೆಳಗೆ ಹೋದೆ. ಬೇರೆ ಯಾರೂ ಬರಲಿಲ್ಲ. ಅಜ್ಜಿ ಜೇಬಿನಿಂದ ಕಡ್ಡಿಪೆಟ್ಟಿಗೆ ತೆಗೆದು ನನ್ನನ್ನು ಕೇಳಿದರು.

"ಹಚ್ಚೋಣವಾ?"

"ಯಾ" ಎಂದೆ.

ಅಷ್ಟಕ್ಕೇ ಹಚ್ಚುತ್ತಾರೆಂದುಕೊಂಡಿದ್ದೆ. ಅವರು ಮುಂದೆ ಹೋದರು. ಅಂಚೆಯವನು ನಿಲ್ಲುತ್ತಿದ್ದ ಜಾಗದ ಮುಂದೆ ನಿಂತು "ಹಚ್ಚೋಣವಾ?" ಎಂದರು, ಉತ್ತರಕ್ಕೆ ಕಾದರು. ಅವನ ಹೆಂಡತಿಯ ಜಾಗ, ಕಾದರು. ಹಾಗೆಯೇ ಒಂದೊಂದು ಜಾಗವನ್ನೂ ಕೇಳಿ, ಸುತ್ತಿಗೆಯವನ ಜಾಗವನ್ನೂ ಕೇಳಿ ಕಾದರು. ನನಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದವು. ಕೊನೆಗೆ ತಮ್ಮ ಜಾಗಕ್ಕೆ ಬಂದು ನಿಂತು, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ "ಯಾ" ಎಂದರು. ಉಳಿದವರ ಹೂಂ ಬರಲಿಲ್ಲವೆಂದು ಕಡ್ಡಿಪೆಟ್ಟಿಗೆಯನ್ನು ಜೇಬಿಗೆ ವಾಪಸು ಹಾಕಿಕೊಂಡರು.

"ನಿಮ್ಮದಕ್ಕೆ ಯಾರಾದ್ರೂ ಹೂಂ ಅನ್ನಬೇಕಾ?" ಎಂದು ನನ್ನ ಡಬ್ಬಿ ನೋಡಿ ಕೇಳಿದರು.

"ಇಲ್ಲ ಅಜ್ಜಿ. ಸುಮ್ನೆ ಚೆಲ್ಲೋದು."

ಅಜ್ಜಿ ಕೈಗವಸು ಬಿಚ್ಚಿ ಅಂಗೈ ಚಾಚಿದರು. ನಾನು ರೊಟ್ಟಿ ಮುರಿದು ಆ ಕೈಗೆ ಹಾಕಿದೆ. ಅವರು ದೂರಕ್ಕೆಂದೇ ಎಸೆದರು, ಆದರೆ ಕೈಯಲ್ಲಿ ಬಲವಿರಲಿಲ್ಲ. ಅದು ಅವರ ಕಾಲಬುಡದಲ್ಲೇ ಬಿತ್ತು.