ಬೋರಣ್ಣನ ಗ್ಯಾಸು

ಸುದ್ದಗುಂಟೆಪಾಳ್ಯದ ಮನೆ ಓನರ್ ಬೋರಣ್ಣನಿಗೆ ಸಿಟ್ಟು, ದುಃಖ, ಹೆದರಿಕೆ ಯಾವತ್ತೂ ಬಂದಿದ್ದಿಲ್ಲ; ಬರುವುದೆಲ್ಲ ಗ್ಯಾಸು. ಬಾಡಿಗೆಯವರು ನಲ್ಲಿ ಬಿಟ್ಟು ಹೋಗಿ ಟ್ಯಾಂಕು ಖಾಲಿಯಾದರೂ "ಗ್ಯಾಸು ಕಣ್ರೀ" ಎಂದು ಎದೆ ನೀವಿಕೊಂಡು ಗೋಲಿಸೋಡಾ ಕುಡಿಯುತ್ತಾನೆ. ಮಗಳನ್ನು ಗಂಡನ ಮನೆಗೆ ಕಳಿಸಿದ ದಿನ ಛತ್ರದ ಹಿಂದೆ ನಿಂತು ಸೋಡಾ ಮೇಲೆ ಸೋಡಾ ಕುಡಿದ; ತಪ್ಪನ್ನು ಮದುವೆಯೂಟದ ಹೋಳಿಗೆಯ ಮೇಲೆ ಹಾಕಿದ. ಪರೀಕ್ಷೆ ಮಾಡಿದ ಡಾಕ್ಟರು ಹೊಟ್ಟೆಯಲ್ಲಿ ಏನೂ ಕಾಣಲಿಲ್ಲ ಎಂದಾಗ "ಗ್ಯಾಸು ಕಣ್ಣಿಗೆ ಕಾಣ್ತದಾ ಸಾರ್?" ಎಂದು ಅವರನ್ನೇ ಕೇಳಿದ. ಮೊನ್ನೆ ಮಹಡಿಯಲ್ಲಿ ಬಾಡಿಗೆಗಿರುವ ತಂಗೆವ್ವ, ಗದಗಿನಲ್ಲಿ ತಾಯಿಯ ಮಣ್ಣು ಮುಗಿಸಿ ಬಂದವಳು, ಮೆಟ್ಟಿಲ ಮೇಲೆ ಸುಮ್ಮನೆ ಕೂತಿದ್ದಳು. ಕೇಳಿದರೆ "ಏನಿಲ್ರೀ ಅಣ್ಣಾರ, ಎದಿ ಹಿಡದಂಗ ಆಗೇತಿ" ಎಂದಳು. ಬೋರಣ್ಣ ಸೋಡಾ ತಂದು ಕೊಟ್ಟು ಕೆಳಗಿನ ಮೆಟ್ಟಿಲಲ್ಲಿ ಕೂತ. "ಕುಡಿಯಮ್ಮ. ನಮ್ಮವ್ವ ಹೋದಾಗಿಂದ ನಂಗೂ ಇದೇ ಗ್ಯಾಸು."