ವರ್ನನ್ ಕೊರೆದ ತೂತುಗಳು

ಬೇಕರ್ಸ್‌ಫೀಲ್ಡಿನ ಎಣ್ಣೆಬಾವಿಗಳ ವರ್ಕ್‌ಶಾಪಿನಲ್ಲಿ ಲೇತ್ ನಡೆಸುತ್ತಿದ್ದ ವರ್ನನ್ ಟಕೆಟ್‌ಗೆ ಕುಡಿತವಿರಲಿಲ್ಲ, ಜೂಜಿರಲಿಲ್ಲ. ಇದ್ದದ್ದು ಒಂದೇ ಹುಚ್ಚು: ಭಾನುವಾರ ಊರಾಚೆಯ ಹಳೇ ರನ್‌ವೇ ಮೇಲೆ ಕಾಲು ಮೈಲಿ ಪಂದ್ಯ ಓಡುವ ಕಾರು. ಆ ಹುಚ್ಚಿಗೆ ಹೆಂಡತಿ ಲೊರೇನ್‌ಳನ್ನೂ ಅವಳ ತಮ್ಮ ಡ್ವೇನ್‌ನನ್ನೂ ಎಳೆದುಕೊಂಡಿದ್ದ. ಕಾರು ಕಟ್ಟುವವನು ವರ್ನನ್, ಓಡಿಸುವವನು ಡ್ವೇನ್. ಆ ಕಾರುಗಳಿಗೆ ಸ್ಟಾರ್ಟರ್ ಇರುವುದಿಲ್ಲ. ಹಿಂದಿನಿಂದ ಇನ್ನೊಂದು ಗಾಡಿ ತಳ್ಳಿಕೊಂಡು ಹೋದರೇ ಎಂಜಿನ್ ಹತ್ತುವುದು. ಪಿಕಪ್ಪಿನಲ್ಲಿ ಕೂತು ತಮ್ಮನನ್ನು ತಳ್ಳುವ ಕೆಲಸ ಲೊರೇನ್‌ಳದು.

ಸಾವಿರದ ಒಂಬೈನೂರ ಐವತ್ತೇಳರಲ್ಲಿ, ಕಸುವು ಹೆಚ್ಚಿಸುವ ನೈಟ್ರೋ ಇಂಧನ ಬೇಡ, ಬರೀ ಪೆಟ್ರೋಲಿನಲ್ಲಿ ಓಡಿಸಿ ಎಂದು ಪಂದ್ಯ ನಡೆಸುವವರಿಂದ ಅಪ್ಪಣೆಯಾಯಿತು. ಒಂದು ಎಂಜಿನ್ನಿನ ಕಸುವು ಸಾಲದಿದ್ದರೆ ಎರಡು ಇಡೋಣ ಎಂದ ವರ್ನನ್. ಎರಡನ್ನೂ ಪಕ್ಕಪಕ್ಕ ಕೂರಿಸಿ, ಎಂಜಿನ್ನಿನ ಜೊತೆಗೇ ಸುತ್ತುವ ಭಾರದ ಚಕ್ರಗಳಾದ ಫ್ಲೈವೀಲುಗಳ ಹಲ್ಲಿಗೆ ಹಲ್ಲು ಕಚ್ಚಿಸಿದ. ಹಾಗೆ ಕಚ್ಚಿಸಿದಾಗ ಒಂದು ಬಲಕ್ಕೆ ತಿರುಗಿದರೆ ಇನ್ನೊಂದು ಎಡಕ್ಕೇ ತಿರುಗಬೇಕು. ಆ ಇನ್ನೊಂದನ್ನು ಉಲ್ಟಾ ಓಡುವಂತೆ ಪಳಗಿಸಲು ಒಂದಿಡೀ ಚಳಿಗಾಲ ಹಿಡಿಯಿತು.

ಮೊದಲ ಓಟದಲ್ಲೇ ಸೋತರು. ಗೆದ್ದ ಕಾಯ್ಲ್ ಮೆಕ್‌ಫಾರನ್ ಸುಮ್ಮನಿರುವ ಆಸಾಮಿಯಲ್ಲ. "ಒಂದನ್ನೇ ನೆಟ್ಟಗೆ ಓಡ್ಸಕ್ ಬರ್ದೋನು ಎರಡು ಕಟ್ಕೊಂಡಿದಾನೆ ನೋಡ್ರಪ್ಪಾ! ಒಂದು ಮುಂದಕ್ಕೋಗಕ್ಕೆ, ಇನ್ನೊಂದು ಮನೆಗೆ ವಾಪಸ್ ಬರಕ್ಕಾ?"

ಸುತ್ತಲಿದ್ದವರು ಹೊಟ್ಟೆ ಹಿಡಿದು ನಕ್ಕರು. ವರ್ನನ್‌ಗೆ ಮೈಯೆಲ್ಲ ಉರಿದುಹೋಯಿತು. ಕಸುವಿಗೇನೂ ಕೊರತೆಯಿರಲಿಲ್ಲ, ಕಾರು ಭಾರವಾಗಿತ್ತು, ಅಷ್ಟೇ.

ಭಾರ ಇಳಿಸಲು ಆ ಜನಕ್ಕೆ ಗೊತ್ತಿದ್ದ ಮದ್ದು ಒಂದೇ, ಡ್ರಿಲ್ಲು. ಕಣ್ಣಿಗೆ ಬಿದ್ದ ಲೋಹಕ್ಕೆಲ್ಲ ತೂತು. ಹೆಚ್ಚು ತೂತಿದ್ದವನಿಗೆ ಹೆಚ್ಚು ಜಂಬ. ವರ್ನನ್ ಪೆಡಲು ಕೊರೆದ, ಸೀಟಿನ ಪಟ್ಟಿ ಕೊರೆದ. ಕೊನೆಗೆ ಫ್ಲೈವೀಲಿಗೂ ಡ್ವೇನ್‌ನ ಪಾದಗಳಿಗೂ ನಡುವಿದ್ದ ದಪ್ಪ ಉಕ್ಕಿನ ತಗಡನ್ನೂ ಬಿಚ್ಚಿ ಡ್ರಿಲ್ಲಿಗೆ ಕೊಟ್ಟ. ಏನಾದರೂ ಸಿಡಿದರೆ ತಡೆಯಲೆಂದೇ ಇದ್ದ ತಗಡು ಅದು!

"ಅದೊಂದನ್ನ ಬಿಟ್ಬಿಡು ವರ್ನ್," ಎಂದಳು ಲೊರೇನ್. "ಅದ್ರ ಹಿಂದೆ ನನ್ ತಮ್ಮನ ಕಾಲಿರುತ್ತೆ."

"ಸಣ್ ಸಣ್ ತೂತು ಕಣೇ. ಅದ್ರಲ್ಲೇನ್ ತೂರುತ್ತೆ? ಸುಮ್ನಿರು."

ತೂತಿನಲ್ಲಿ ಏನೂ ತೂರುವುದಿಲ್ಲ, ನಿಜ. ತೂತುಗಳ ನಡುವೆ ಉಳಿದ ಉಕ್ಕು ಎಷ್ಟು ತಡೆದೀತು ಎಂಬುದೇ ಪ್ರಶ್ನೆ. ಕಾಯ್ಲ್‌ನ ನಗು ಕಿವಿಯಲ್ಲಿ ತುಂಬಿಕೊಂಡವನಿಗೆ ಆ ಪ್ರಶ್ನೆ ಬೇಕಿರಲಿಲ್ಲ.

ಮುಂದಿನ ಭಾನುವಾರ ಪಕ್ಕದ ಸಾಲಿನಲ್ಲಿ ಕಾಯ್ಲ್‌ನೇ ಇದ್ದ. ಅರ್ಧ ದಾರಿಯಲ್ಲಿ ಡ್ವೇನ್ ಅವನನ್ನು ಹಿಂದೆ ಹಾಕಿದ. ವರ್ನನ್ ಟೋಪಿ ಎಸೆದು ಕುಣಿದ. ಟೋಪಿ ನೆಲಕ್ಕೆ ಬೀಳುವುದರೊಳಗೆ ಫ್ಲೈವೀಲ್ ಸಿಡಿಯಿತು. ತಗಡು ತೂತಿನ ಸಾಲಿನುದ್ದಕ್ಕೂ ಹರಿದುಹೋಗಿತ್ತು. ಪಿಕಪ್ ಓಡಿಸಿಕೊಂಡು ಮೊದಲು ಹೋಗಿ ಮುಟ್ಟಿದವಳು ಲೊರೇನ್. ತಮ್ಮನ ಎಡಪಾದ ಇದ್ದ ಜಾಗವನ್ನು ಮೊದಲು ನೋಡಿದವಳೂ ಅವಳೇ.

ಅಂದಿನಿಂದ ಅವಳು ಗಂಡನೊಡನೆ ಮಾತಾಡಲಿಲ್ಲ. ಹುರುಳಿಕಾಯಿ, ಬ್ರೆಡ್ಡು ತಟ್ಟೆಗೆ ಹಾಕಿ ಒಳಗೆ ಹೋಗುತ್ತಿದ್ದಳು. ವರ್ನನ್ ಆಸ್ಪತ್ರೆಗೆ ಹೋಗಲು ಧೈರ್ಯವಿಲ್ಲದೆ ದಿನ ತಳ್ಳಿದ. ಕೊನೆಗೆ ಹೋದದ್ದು, ಡ್ವೇನ್ ಬಾಯಿಗೆ ಬಂದಂತೆ ಬೈಯಲಿ, ಮುಖಕ್ಕೆ ಉಗಿಯಲಿ ಎಂಬ ಆಸೆಯಿಂದ.

"ಬಂದ್ಯಾ ಮುದುಕಾ?" ಡ್ವೇನ್ ಬಿಳಿಚಿದ ಮುಖದಲ್ಲೇ ನಕ್ಕ. "ಕಾಯ್ಲ್ ಮುಖ ಹೆಂಗಾಗಿತ್ತು ಹೇಳು. ನಾವೇ ಮುಂದಿದ್ವಿ, ಅಲ್ವಾ?"

"ಡ್ವೇನ್, ಆ ತಗಡು ಕೊರೆದಿದ್ದೆ ಕಣೋ. ನಿಂಗೆ ಹೇಳ್ಲಿಲ್ಲ."

"ಗೊತ್ತು ಬಿಡು. ಒಳಗ್ ಕೂತಾಗ್ಲೇ ನೋಡ್ದೆ."

"ನೋಡೀನೂ ಓಡ್ಸಿದ್ಯಾ?"

"ನೀನ್ ಕೊರೆದಿದ್ದು ತಾನೇ? ಲೆಕ್ಕ ಹಾಕ್ದೇ ಕೊರ್ದಿರಲ್ಲ ಅಂತ ಸುಮ್ನಾದೆ."

ವರ್ನನ್ ಲೆಕ್ಕ ಹಾಕಿರಲಿಲ್ಲ. ಅದನ್ನೂ ಹೇಳಿಬಿಡಲು ಬಾಯಿ ತೆರೆದ. ಅಷ್ಟರಲ್ಲಿ ಡ್ವೇನ್, "ಮುಂದಿನ್ ಕಾರಲ್ಲಿ ಕ್ಲಚ್ಚನ್ನ ಕಾಲಿಂದ ತೆಗ್ದು ಕೈಗೆ ತಂದ್ಕೊಡು. ಕಟ್ತೀಯ ತಾನೇ?" ಎಂದ.

"ಹ್ಞೂಂ" ಎಂದ ವರ್ನನ್. ಡ್ವೇನ್ ಅದನ್ನೂ ನಂಬಿದ.