ಬಡ್ಡಿಯಿಲ್ಲದ ಸಾಲದ ಬಡ್ಡಿ

ನಮ್ಮ ಬ್ಯಾಡಗಿಯಲ್ಲಿ ಏರ್‌ಬ್ಯಾಗು ಹಿಡಿದು ಮನೆಯಿಂದ ಬಸ್‌ಸ್ಟ್ಯಾಂಡಿನವರೆಗೆ ಯಾರಿಗೂ ಉತ್ತರ ಕೊಡದೆ ನಡೆದುಹೋದ ಮನುಷ್ಯ ಇನ್ನೂ ಹುಟ್ಟಿಲ್ಲ. ಬಟ್ಟೆಯ ಕೈಚೀಲವನ್ನು ಯಾರೂ ಕೇಳುವುದಿಲ್ಲ, ಅದು ಸಂತೆಗೆ ಹೊರಟದ್ದು. ತಗಡಿನ ಟ್ರಂಕನ್ನೂ ಅಷ್ಟಾಗಿ ಕೇಳುವುದಿಲ್ಲ, ಅದರ ಹಿಂದೆ ತುಂಬುಗರ್ಭಿಣಿಯೊಬ್ಬಳು ತವರಿಗೆ ಹೊರಟಿರುವುದು ಕಣ್ಣಿಗೇ ಕಾಣುತ್ತದೆ. ಆದರೆ ಜಿಪ್ಪು ಎಳೆದ ಏರ್‌ಬ್ಯಾಗು ಕಂಡೊಡನೆ ಕಟ್ಟೆಯ ಮೇಲೆ ಕುಳಿತ ಸಜ್ಜನರಲ್ಲಿ ಬ್ರಹ್ಮಜಿಜ್ಞಾಸೆಗೆ ಸಮನಾದ ಕುತೂಹಲ ಜಾಗೃತವಾಗುತ್ತದೆ. "ಎತ್ತಾಗ ಹೊಂಟ್ರಿ?" ಎಂಬುದು ಸೂತ್ರ, "ಏನ್ ವಿಶೇಷ?" ಎಂಬುದು ಅದರ ಭಾಷ್ಯ, "ಯಾವಾಗ ಬರೂದು?" ಎಂಬುದು ಉಪಸಂಹಾರ. ಋಣವಿಲ್ಲದವರು ಎದೆಯುಬ್ಬಿಸಿ, ಕೇಳಿದ್ದಕ್ಕಿಂತ ಹೆಚ್ಚೇ ಹೇಳಿ ಮುಂದೆ ಹೋಗುತ್ತಾರೆ. ಸಾಲ ಇರುವವರಿಗೆ ಮಾತ್ರ ಅದೇ ಪ್ರಶ್ನೆಗಳು ಕೋರ್ಟಿನ ಸಮನ್ಸಿನ ಹಾಗೆ ಕೇಳಿಸುತ್ತವೆ. ಎಷ್ಟೋ ವರ್ಷ ನಾನು ಆ ಎರಡನೆಯ ವರ್ಗದಲ್ಲಿದ್ದೆ. ಆದ್ದರಿಂದ ಅನುಭವದ ಮಾತೆಂದು ನಂಬಿ.

ನಾನು ಅಲ್ಲಿಯ ಕನ್ನಡ ಶಾಲೆಯಲ್ಲಿ ಅಕ್ಕೋರು, ಅಂದರೆ ಮಾಸ್ತರಿಕೆ ಮಾಡುವ ಹೆಂಗಸು. ನಮ್ಮವರು ಮೆಣಸಿನಕಾಯಿ ಪೇಟೆಯ ಒಂದು ದಲಾಲಿ ಅಂಗಡಿಯಲ್ಲಿ ಗುಮಾಸ್ತರು. ಎಂಬತ್ತರ ದಶಕದ ನಡುವೆ ನಮ್ಮ ನಾದಿನಿಯ ಮದುವೆ ಹಾವೇರಿಯ ಮನೆತನಕ್ಕೆ ಗೊತ್ತಾಯಿತು. ಹಾವೇರಿಯವರು ಬೀಗರಾದ ಮೇಲೆ ವರನ ಕೊರಳಿಗೆ ಏಲಕ್ಕಿ ಹಾರವಿಲ್ಲದೆ ನಡೆಯುತ್ತದೆಯೇ? ಹಾರಕ್ಕೆ ತಕ್ಕ ಮಂಟಪ, ಮಂಟಪಕ್ಕೆ ತಕ್ಕ ಊಟ, ಊಟಕ್ಕೆ ತಕ್ಕ ಮಂದಿ ಎಂದು ಬೆಳೆಯುತ್ತ ಹೋದ ಆ ಮಂಗಳಕಾರ್ಯ ನಮ್ಮಿಬ್ಬರ ಸಂಬಳದ ಎಲ್ಲೆಯನ್ನು ನಿಶ್ಚಿತಾರ್ಥದ ದಿನವೇ ದಾಟಿಬಿಟ್ಟಿತು. ಆಗ ಕೈಹಿಡಿದವರು ಮೆಹಬೂಬಸಾಬರು. ನಮ್ಮವರ ಜೊತೆ ಒಂದೇ ಬೆಂಚಿನಲ್ಲಿ ಕುಳಿತು ಕಲಿತು, ಕಲಿತದ್ದನ್ನೆಲ್ಲ ಸಕಾಲದಲ್ಲಿ ಮರೆತು, ಮೆಣಸಿನಕಾಯಿ ವ್ಯಾಪಾರದಲ್ಲಿ ಮೇಲೆ ಬಂದ ಮನುಷ್ಯ. ಬಡ್ಡಿ ಎಷ್ಟೆಂದು ನಾನು ಕೇಳಿದ್ದಕ್ಕೆ ಎರಡೂ ಕಿವಿ ಮುಟ್ಟಿಕೊಂಡು, "ತೋಬಾ ತೋಬಾ! ಬಡ್ಡಿ ನಮಗ ಹರಾಮ್ ಐತ್ರಿ ಅಕ್ಕೋರ. ನಿಮಗ ಆದಾಗ ಕೊಡ್ರಿ, ನಾ ಏನೂ ಕೇಳಂಗಿಲ್ಲ," ಎಂದರು. ನಾನು ಕೃತಜ್ಞತೆಯಿಂದ ಅತ್ತೇಬಿಟ್ಟೆ.

ಓದುಗ ಮಹಾಶಯರೇ, ಯಾರಿಂದ ಬೇಕಾದರೂ ಕಡ ತೆಗೆದುಕೊಳ್ಳಿ, "ಆದಾಗ ಕೊಡ್ರಿ" ಎನ್ನುವವರಿಂದ ಮಾತ್ರ ಬೇಡ. ಬಡ್ಡಿಯ ಸಾಲ ನಿಷ್ಠುರವಾದದ್ದು ನಿಜ, ಆದರೆ ಅದರಲ್ಲೊಂದು ಘನತೆಯಿದೆ. ತಿಂಗಳ ಬಡ್ಡಿಯನ್ನು ಮುಖಕ್ಕೆಸೆದು ಬಂದರೆ ಉಳಿದ ದಿನಗಳು ನಿಮ್ಮವು, ರೇಷ್ಮೆ ಉಟ್ಟು ಆ ಸಾಹುಕಾರನ ಅಂಗಡಿಯ ಮುಂದೆಯೇ ಠೀವಿಯಿಂದ ನಡೆಯಬಹುದು. ಬಡ್ಡಿಯಿಲ್ಲದ ಸಾಲಕ್ಕೆ ಹಾಗೆ ಬಿಡುವಿನ ದಿನವೇ ಇಲ್ಲ. ಕೊಟ್ಟವರು ಕೇಳುವುದಿಲ್ಲ, ಆದ್ದರಿಂದ ತೆಗೆದುಕೊಂಡವರು ಬೆಳಗಾದರೆ ತಮ್ಮನ್ನು ತಾವೇ ಕೇಳಿಕೊಳ್ಳಬೇಕು. ದುಡ್ಡಿನಲ್ಲಿ ಕೊಡಬೇಕಾಗಿಲ್ಲದ ಬಡ್ಡಿಯನ್ನು ನಡವಳಿಕೆಯಲ್ಲಿ ಕೊಡತೊಡಗುತ್ತೀರಿ. ಹೊಸ ಸೀರೆ ಉಟ್ಟ ದಿನ ಅವರ ಓಣಿ ತಪ್ಪಿಸಿ ಸುತ್ತುಹಾಕಿ ಶಾಲೆಗೆ ಹೋಗುವುದು, ಮನೆಯಲ್ಲಿ ಹೋಳಿಗೆ ಮಾಡಿದರೆ ಅವರಿಗೊಂದು ಪಾಲು ಕಳಿಸಬೇಕೋ ಅಥವಾ ಹೋಳಿಗೆ ಮಾಡಿದ ಸಂಗತಿಯನ್ನೇ ಗೋಪ್ಯವಾಗಿಡಬೇಕೋ ಎಂದು ಗಂಡ ಹೆಂಡತಿ ಕೂತು ಧರ್ಮಸೂಕ್ಷ್ಮವನ್ನು ಚರ್ಚಿಸುವುದು, ಇವೆಲ್ಲ ಆ ಬಡ್ಡಿಯ ಕಂತುಗಳು. ಹೋಳಿಗೆ ಅಷ್ಟರಲ್ಲಿ ಆರಿಹೋಗಿರುತ್ತಿತ್ತು.

ಒಮ್ಮೆ ರಾಣೆಬೆನ್ನೂರಿಗೆ ಹೋದಾಗ ಹೋಟೆಲಿನಲ್ಲಿ ಮಸಾಲೆ ದೋಸೆ ಹೇಳಿ ಕುಳಿತಿದ್ದೆವು. ನಮ್ಮವರ ದೋಸೆ ಬರುವುದಕ್ಕೂ ಮೆಹಬೂಬಸಾಬರು ಬಾಗಿಲಲ್ಲಿ ಕಾಣಿಸಿಕೊಳ್ಳುವುದಕ್ಕೂ ಸರಿಹೋಯಿತು. ನಮ್ಮವರು ತಟ್ಟೆಯನ್ನು, ಅದೊಂದು ಕಳವಿನ ಮಾಲು ಎಂಬಂತೆ, ಮೆಲ್ಲಗೆ ಟೇಬಲ್ಲಿನ ಆಚೆ ತುದಿಯಲ್ಲಿದ್ದ ಅಪರಿಚಿತನೊಬ್ಬನ ಮುಂದೆ ಸರಿಸಿಬಿಟ್ಟರು. ಆ ಪುಣ್ಯಾತ್ಮ ಒಂದು ಮಾತೂ ಕೇಳದೆ ತಿನ್ನತೊಡಗಿದ. ಸಾಬರು ನಮ್ಮ ಬಳಿಯೇ ಬಂದು ಕುಳಿತು, "ಬರೇ ನೀರ್ ಕುಡ್ಯಾಕ ಹೋಟೆಲ್ಲಿಗೆ ಬಂದೀರೇನ್ರಿ?" ಎಂದು ನಕ್ಕು, ಎಲ್ಲರಿಗೂ ದೋಸೆ ಹೇಳಿ, ಬಿಲ್ಲನ್ನೂ ತಾವೇ ಕೊಟ್ಟರು. ಸಾಲದ ಮೇಲೆ ದೋಸೆಯ ಋಣವೂ ಸೇರಿ ನಮ್ಮವರು ಆ ರಾತ್ರಿ ಊಟ ಮಾಡಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ನಾನಿದನ್ನು ನಗುನಗುತ್ತಲೇ ಬರೆದು ಮುಗಿಸುತ್ತಿದ್ದೆ. ಮೆಣಸಿನಕಾಯಿ ಸುಗ್ಗಿಯಲ್ಲಿ ಬ್ಯಾಡಗಿಗೆ ಬಂದವರಿಗೆ ಗೊತ್ತು, ಮಾಲು ಬಂದು ಬಿದ್ದ ದಿನ ಊರಿಗೆ ಊರೇ ಸೀನುತ್ತದೆ. ಹುಟ್ಟಿ ಬೆಳೆದವರಿಗೆ ಅದು ರೂಢಿ. ನಮ್ಮವರ ಕೆಮ್ಮು ಮಾತ್ರ ಸುಗ್ಗಿ ಮುಗಿದರೂ ನಿಲ್ಲದಾಯಿತು. ರಾಣೆಬೆನ್ನೂರಿನ ಡಾಕ್ಟರೊಬ್ಬರು ಎದೆಗೆ ಕೊಳವೆಯಿಟ್ಟು ಬಹಳ ಹೊತ್ತು ಆಲಿಸಿದರು. ಈ ಧೂಳಿನ ನೌಕರಿ ಬಿಡುವುದು ಉತ್ತಮ ಎಂದರು. ಆಗದಿದ್ದರೆ ಪ್ರತಿ ಸುಗ್ಗಿಯಲ್ಲಿ ಹದಿನೈದು ದಿನವಾದರೂ ಊರು ಬಿಟ್ಟು ಒಳ್ಳೆಯ ಗಾಳಿಯಲ್ಲಿರಬೇಕು. ಶ್ವಾಸಕೋಶ ಪೂರ್ತಿ ಕೆಟ್ಟ ಮೇಲೆ ಬಂದರೆ ಡಾಕ್ಟರು ಮಾಡುವುದೇನೂ ಇರುವುದಿಲ್ಲ ಎಂದೂ ಎಚ್ಚರಿಸಿದರು. ಒಳ್ಳೆಯ ಗಾಳಿಯೂ ಪುಕ್ಕಟೆಯಾಗಿ ಕಾದು ಕುಳಿತಿತ್ತು. ನಮ್ಮ ಶಾಲೆಯಿಂದ ಕುಮಟೆಗೆ ವರ್ಗವಾಗಿ ಹೋಗಿದ್ದ ಗೆಳತಿ, ಸಮುದ್ರದ ಕಡೆಗೇ ಮನೆ, ಮಾಳಿಗೆ ಖಾಲಿ ಇದೆ ಎಂದು ವರ್ಷವರ್ಷವೂ ಕರೆಯುತ್ತಿದ್ದಳು. ನನಗೋ ಏಪ್ರಿಲ್ ಬಂತೆಂದರೆ ಸರ್ಕಾರವೇ ದಯಪಾಲಿಸಿದ ರಜೆ. ಖರ್ಚೆಂದರೆ ಬಸ್ಸಿನ ಚಾರ್ಜು, ಅಷ್ಟೆ.

ಹೀಗಾಗಿ ನಮ್ಮ ಮನೆಯಲ್ಲಿ ಪ್ರತಿ ಬೇಸಿಗೆ ನಡೆದ ಮಹಾವಿವಾದ ಹಣದ್ದಾಗಿರಲಿಲ್ಲ. ಸಾಲ ತೀರದವನಿಗೆ ಸಮುದ್ರದ ದಂಡೆಯ ಮೇಲೆ ಕೂತು ಗಾಳಿ ಸೇವಿಸುವ ಅಧಿಕಾರ ಉಂಟೇ ಎಂಬುದೇ ಪ್ರಶ್ನೆ. "ಮಂದಿ ರೊಕ್ಕಾ ಇಟಗೊಂಡು ಸಮುದ್ರ ನೋಡಾಕ ಹೋದ್ರ ಮೆಹಬೂಬ ಏನಂದಾನು?" ಎಂಬುದು ಅವರ ಪೂರ್ವಪಕ್ಷ. ಅದನ್ನು ಔಷಧ ಎಂದು ತಿಳಿದುಕೊಳ್ಳಿ ಎಂಬುದು ನನ್ನ ಸಿದ್ಧಾಂತ. "ಔಷಧಾ ಬಾಟ್ಲ್ಯಾಗ ಇರ್ತೈತಿ, ದಂಡಿ ಮ್ಯಾಲ ಇರಂಗಿಲ್ಲ," ಎಂದು ಅವರು ಕೆಮ್ಮುತ್ತಲೇ ಖಂಡಿಸುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಸಾಲಗಾರನಿಗೆ ಊರು ಹಣೆಯ ಮೇಲೆ ಅನುಮತಿ ಬರೆದುಕೊಡುವ ಪ್ರಯಾಣಗಳು ಮೂರೇ: ಹೆಣ, ಹೆರಿಗೆ ಮತ್ತು ದೇವರು. ಸುಖಕ್ಕೆಂದು ಹೊರಟವನನ್ನು ಅದು ಕ್ಷಮಿಸುವುದಿಲ್ಲ. ಕ್ಷಮಿಸಿದರೂ ಅದನ್ನು ನಂಬುವ ಧೈರ್ಯ ಸಾಲಗಾರನಿಗಿಲ್ಲ.

ಒಂದು ವರ್ಷ ನಾನು ಹಟಹಿಡಿದು ಅವರನ್ನು ಹೊರಡಿಸಿಯೇಬಿಟ್ಟೆ. ಅಂಗಡಿಯಲ್ಲಿ ರಜೆ ಕೇಳಿಸಿದೆ, ಹದಿನೈದು ದಿನದ ಬಟ್ಟೆ ತುಂಬಿದೆ, ಗೆಳತಿಗೆ ಕಾರ್ಡು ಹಾಕಿದೆ. ಬೆಳಗಿನ ಹೊತ್ತು ಬಸ್‌ಸ್ಟ್ಯಾಂಡಿನಲ್ಲಿ ಹಾವೇರಿಯ ಬಸ್ಸಿಗೆ ಕಾಯುತ್ತಿದ್ದೆವು. ಅಲ್ಲಿಂದ ಕುಮಟೆಯ ಬಸ್ಸು. ಎದುರಿಗೆ ಮೆಹಬೂಬಸಾಬರು ಬಂದು, ಎಲ್ಲರೂ ಕೇಳುವುದನ್ನೇ ಕೇಳಿದರು. ನಮ್ಮವರು ನನ್ನ ಕಡೆ ನೋಡಲೂ ಇಲ್ಲ. "ಕದರಮಂಡಲಗಿ ಹಣಮಪ್ಪನ ದರ್ಶನಕ್ಕ," ಎಂದುಬಿಟ್ಟರು. ಕದರಮಂಡಲಗಿ ಎಂದರೆ ನಮ್ಮೂರಿನ ಮಗ್ಗುಲಿನ ಹಳ್ಳಿ, ಬೆಳಿಗ್ಗೆ ದರ್ಶನಕ್ಕೆ ಹೋದವರು ಮಧ್ಯಾಹ್ನದ ರೊಟ್ಟಿಗೆ ಮನೆಗೆ ಬರುತ್ತಾರೆ. ಸಾಬರಿಗೆ ಖುಷಿಯೋ ಖುಷಿ. "ಛಲೋ ಆತ್ರಿ! ನಮ್ಮ ಟೆಂಪೋ ಅತ್ತಾಗನ ಹೊಂಟೈತಿ. ಹತ್ರಿ, ಹತ್ರಿ," ಎಂದು ನಮ್ಮ ಬ್ಯಾಗನ್ನು ತಾವೇ ಎತ್ತಿ ಖಾಲಿ ಚೀಲಗಳ ಮೇಲೆ ಇಟ್ಟರು. ಅದರ ಭಾರ ಅವರ ಕೈಗೆ ತಿಳಿದಿರಲೇಬೇಕು.

ಹತ್ತಿದೆವು. ಬಾಯಿ ಬಿಟ್ಟು ಕುಮಟೆ ಎಂದಿದ್ದರೆ ಆಗುತ್ತಿತ್ತು, ಆದರೆ ಮಕ್ಕಳಿಗೆ ಸತ್ಯದ ಪಾಠ ಹೇಳುವ ನಾನು ಗಂಡ ನಾಲ್ಕು ಮಂದಿಯ ಮುಂದೆ ಸುಳ್ಳನಾಗಬಾರದೆಂದು ಟೆಂಪೋದ ಮುಂದಿನ ಸೀಟಿನಲ್ಲಿ ಗಂಭೀರವಾಗಿ ಕುಳಿತೆ. ಸಮುದ್ರವನ್ನೇ ಹಾರಿದ ದೇವರ ಎದುರು, ಸಮುದ್ರದ ದಂಡೆಯನ್ನೂ ಮುಟ್ಟಲಾಗದ ಇಬ್ಬರು ಸಂಜೆಯವರೆಗೆ ಬ್ಯಾಗು ಇಟ್ಟುಕೊಂಡು ಕುಳಿತಿದ್ದೆವು. ಹಗಲಲ್ಲೇ ಬಸ್‌ಸ್ಟ್ಯಾಂಡಿಗೆ ಮರಳಿ ಹಾವೇರಿಯ ಬಸ್ಸು ಹತ್ತಿದರೆ ಸುಳ್ಳು ಬಯಲಾಗುತ್ತಿತ್ತು. ಪೂಜಾರರು ವಸ್ತಿಗೆ ಬಂದವರೆಂದು ತಿಳಿದು ಚಾಪೆ ಕೊಡಲು ಬಂದರು. ಇಂಥ ಪ್ರಮಾದವನ್ನು ಸಾಲದಲ್ಲಿ ಮುಳುಗಿದ ಮರ್ಯಾದಸ್ಥರಲ್ಲದೆ ಮತ್ತಾರೂ ಮಾಡಲಾರರು. ಮನೆಗೆ ಮರಳಿ ಬಟ್ಟೆಗಳನ್ನು ಹೊರತೆಗೆದು ಇಡುವಾಗ ನಮ್ಮವರು ಗೋಡೆಯ ಕಡೆ ಮುಖ ಮಾಡಿ, "ಮೊದ್ಲ ಸಾಲಾ ಮುಗೀಲಿ. ಆಮ್ಯಾಲೆ ತಲಿ ಎತ್ತಿ ಹೋಗೂಣು," ಎಂದರು. ಗೆಳತಿಗೆ ನಾನು ಏನು ಬರೆದೆನೋ ನೆನಪಿಲ್ಲ.

ಆಮೇಲೆ ಅವರು ಹಿಡಿದ ದಾರಿ ನೋಡಿ. ಸಾಲ ಬೇಗ ತೀರಿಸಬೇಕು, ತೀರಿಸಿ ಒಳ್ಳೆಯ ಗಾಳಿಗೆ ಹೋಗಬೇಕು ಎಂದು, ಸಂಜೆಯ ಹೊತ್ತು ಇನ್ನೊಂದು ಅಂಗಡಿಯ ಲೆಕ್ಕ ಬರೆಯಲು ಒಪ್ಪಿಕೊಂಡರು. ಅಂದರೆ ಕೆಟ್ಟ ಗಾಳಿಯಿಂದ ಪಾರಾಗುವುದಕ್ಕೋಸ್ಕರ ಅದೇ ಗಾಳಿಯಲ್ಲಿ ಎರಡು ಪಟ್ಟು ಹೊತ್ತು ಕುಳಿತರು. ನಾನು ತಡೆದೆ, ಬೈದೆ, ಊಟ ಬಿಟ್ಟೆ. ಸಾಬರಿಗೇ ಎಲ್ಲವನ್ನೂ ಹೇಳಿಬಿಡುತ್ತೇನೆ ಎಂದು ಹೆದರಿಸಿದೆ. "ಹೇಳಿದ್ರ ನಾ ಈ ಊರಾಗ ಇರಂಗಿಲ್ಲ ನೋಡು," ಎಂದರು. ಊರು ಬಿಡಿಸುವುದೇ ನನ್ನ ಉದ್ದೇಶವಾಗಿದ್ದರೂ ಆ ಬೆದರಿಕೆಗೆ ನಾನು ಬಾಯಿ ಮುಚ್ಚಿದೆ. ಕಂತು ಕೊಟ್ಟುಬಂದ ಸಂಜೆ ಅವರ ಮುಖ ಅರಳಿರುತ್ತಿತ್ತು. ಮರುದಿನ ಬೆಳಿಗ್ಗೆ ಹಾಸಿಗೆಯಿಂದ ಏಳಲು ನನ್ನ ಭುಜ ಬೇಕಾಗುತ್ತಿತ್ತು. ಬರಬರುತ್ತ ರಾಣೆಬೆನ್ನೂರಿನ ಡಾಕ್ಟರು ಊರು ಬಿಡುವ ಮಾತನ್ನೇ ಎತ್ತದಾದರು, ಬೈಯುವುದನ್ನೂ ಬಿಟ್ಟರು. ನನಗೆ ನಿಜವಾಗಿ ಭಯವಾದದ್ದು ಆಗಲೇ.

ತೊಂಬತ್ತರ ದಶಕ ಕಾಲಿಟ್ಟ ಮೇಲೆ, ಒಂದು ಸುಗ್ಗಿಯ ಕೊನೆಗೆ, ಸಾಲ ತೀರಿತು. ಕಡೆಯ ಕಂತು ಕೊಡಲು ಇಬ್ಬರೂ ಮೆಹಬೂಬಸಾಬರ ಮನೆಗೆ ಹೋದೆವು. ಅವರು ನೋಟುಗಳನ್ನು ಎಣಿಸದೆ ಗಾದಿಯ ಕೆಳಗೆ ಸರಿಸಿ ಚಹಾ ಹೇಳಿದರು. ನಾಲ್ಕು ಮೆಟ್ಟಿಲು ಹತ್ತಿ ಬಂದ ನಮ್ಮವರಿಗೆ ಚಹಾ ಬಂದರೂ ಏದುಸಿರು ನಿಂತಿರಲಿಲ್ಲ. ಸಾಬರು ಅವರನ್ನೊಮ್ಮೆ ನೋಡಿ ನನ್ನ ಕಡೆ ತಿರುಗಿದರು.

"ಒಂದ್ ಮಾತ್ ಹೇಳ್ಲೇನ್ರಿ ಅಕ್ಕೋರ? ಎಲ್ಲೆರ ಹೋಗಿ ಗಾಳಿ ಬದಲಿ ಮಾಡ್ಕೊಂಡ ಬರ್ರಿ ಅಂತ ಎಷ್ಟೋ ವರ್ಷದಿಂದ ನನ್ನ ಬಾಯಿತನಕ ಬಂದೈತಿ. ಇಂವಾ ಕೆಮ್ಮೂದು ನಮ್ಮ ಅಂಗಡಿತನಕ ಕೇಳತಿತ್ತು. ಆದ್ರ ರೊಕ್ಕಾ ಕೊಟ್ಟಾಂವ ಹಂಗ ಅಂದ್ರ, ಚಾಷ್ಟಿ ಮಾಡಾಕತ್ತಾನ ಅಂತ ತಿಳೀತೀರಿ. ನಿಮಗ ಸಂಕಟ ಆದೀತು ಅಂತ ಸುಮ್ಮನಿದ್ದೆ."

ನಾನು ಬಸಿಯನ್ನು ಕೆಳಗಿಟ್ಟೆ. ಇಬ್ಬರು ಗೆಳೆಯರು, ಇಬ್ಬರೂ ಒಳ್ಳೆಯವರು. ಒಬ್ಬ ಹೋಗುತ್ತೇನೆ ಎನ್ನಲು ನಾಚಿದ, ಇನ್ನೊಬ್ಬ ಹೋಗು ಎನ್ನಲು ನಾಚಿದ. ಒಬ್ಬನಾದರೂ ಸ್ವಲ್ಪ ಕೆಟ್ಟವನಾಗಿದ್ದರೆ, ಸಾಬರು ಗದರಿಸಿ ಬಡ್ಡಿ ಕೇಳುವ ಸಾಹುಕಾರರಾಗಿದ್ದರೆ, ನಾವು ಅವರನ್ನು ಬೈದುಕೊಂಡು ಎಂದೋ ಕುಮಟೆಗೆ ಹೋಗಿ ಬಂದಿರುತ್ತಿದ್ದೆವು. ನನಗೆ ಇಬ್ಬರ ಮೇಲೂ ಹೇಳಲಾರದಷ್ಟು ಸಿಟ್ಟು ಬಂತು. ನಮ್ಮವರು ಮಾತ್ರ ತಲೆ ತಗ್ಗಿಸಿ ಚಹಾ ಕುಡಿದು ಮುಗಿಸಿದರು.

ಹೊರಗೆ ಬಂದೆವು. ಬಿಸಿಲು ಇಳಿದಿತ್ತು. "ನಾಳೇನ ಹೋಗೂಣೇನ್ರಿ?" ಎಂದು ಕೇಳಿದೆ, ಕೇಳದೆ ಇರಲಾಗಲಿಲ್ಲ. ಅವರು ನಕ್ಕರು. "ಹೂಂ. ಇನ್ನ ಯಾರ ಮುಂದೂ ಸುಳ್ಳ ಹೇಳೂದ ಬ್ಯಾಡ," ಎಂದು, ಗೋಡೆ ಹಿಡಿದು ಸಾಬರ ಮನೆಯ ಕಟ್ಟೆಯ ಮೇಲೆಯೇ ಕುಳಿತುಕೊಂಡರು. ನಾನು ಬೆನ್ನು ನೀವುತ್ತ ಪಕ್ಕದಲ್ಲಿ ನಿಂತೆ. ಬಸ್‌ಸ್ಟ್ಯಾಂಡು ಅಲ್ಲಿಂದಲೇ ಕಾಣುತ್ತಿತ್ತು, ಹಾವೇರಿಯ ಬಸ್ಸೂ ನಿಂತಿತ್ತು. ಅಷ್ಟು ದೂರ ನಡೆಯುವ ಉಸಿರು ಅವರಲ್ಲಿ ಇರಲಿಲ್ಲ.